ಟೆಂಪರೇಚರ್ ಗನ್: ಹಳೆ ಗಾಡಿ ಕಾಯುವ ಕಾರಣ ಹುಡುಕಲು ಎಷ್ಟು ಉಪಯೋಗ?

ಬ್ಯಾಸಗಿಯಲ್ಲಿ ಹಳೆಯ ಮಾರುತಿ 800, ಝೆನ್ ಅಥವಾ ಅಂಬಾಸಡರ್ ಕಾಯತೊಡಗಿದರೆ ಫಿಟ್ಟರ್ ಬಾಯಲ್ಲಿ ಸಾಮಾನ್ಯವಾಗಿ ಮೊದಲು ಬರುವ ಮಾತು, "ರೆಡಿಯೇಟರ್ ಹೋಗೇತ್ರಿ, ಬದಲಿ ಮಾಡೂಣು." ಅದಕ್ಕೆ ಹೂಂ ಅನ್ನುವ ಮೊದಲು, ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುವ ಇನ್‌ಫ್ರಾರೆಡ್ ಟೆಂಪರೇಚರ್ ಗನ್ ಕೈಯಲ್ಲಿದ್ದರೆ ಅರ್ಧ ತಾಸಿನಲ್ಲಿ ಸಾಕಷ್ಟು ತಿಳಿಯುತ್ತದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಬರುವುದಿಲ್ಲ. ಮೈ ಜ್ವರ ಅಳೆಯುವ ಅದು 42-43 ಡಿಗ್ರಿ ದಾಟಿದರೆ 'ಹೈ' ಅಂತ ತೋರಿಸಿ ಸುಮ್ಮನಾಗುತ್ತದೆ. ಬೇಕಾದದ್ದು 350-400 ಡಿಗ್ರಿವರೆಗೆ ಓದುವ, ಕಾರ್ಖಾನೆ ಕೆಲಸದ ಗನ್.

ಕೊಳ್ಳುವಾಗ ಡಬ್ಬಿಯ ಮೇಲೆ 12:1 ಎಂದಿದೆಯೇ ನೋಡಿ. 12 ಇಂಚು ದೂರದಿಂದ ಅದು ಒಂದು ಇಂಚಿನಷ್ಟು ಜಾಗದ ಸರಾಸರಿ ಬಿಸಿ ಓದುತ್ತದೆ ಎಂದು ಅರ್ಥ. 8:1 ಅಗ್ಗವಾದರೂ ಪೈಪಿನ ಜೊತೆ ಹಿಂದಿನ ಲೋಹವನ್ನೂ ಸೇರಿಸಿ ಓದಿಬಿಡುತ್ತದೆ. ಕೆಂಪು ಚುಕ್ಕೆ ಗುರಿಗಷ್ಟೇ. ಅಳೆಯುವ ಜಾಗ ಅದಕ್ಕಿಂತ ದೊಡ್ಡದು, ತೀರಾ ಹತ್ತಿರ ಹಿಡಿದರೆ ಚುಕ್ಕೆಯಿಂದ ತುಸು ಸರಿದೂ ಇರುತ್ತದೆ. ಅರ್ಧ ಅಡಿ ದೂರ ಸರಿಯಾಗುತ್ತದೆ.

ಈ ಉಪಕರಣದ ದೊಡ್ಡ ದೋಷ ಹೊಳೆಯುವ ಲೋಹ. ರಬ್ಬರ್ ಪೈಪ್, ಕಪ್ಪು ಬಣ್ಣದ ರೆಡಿಯೇಟರ್ ಟ್ಯಾಂಕ್ ಇವನ್ನು ಸರಿಯಾಗಿ ಓದುತ್ತದೆ. ಆದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವತನಕ ನೀರನ್ನು ರೆಡಿಯೇಟರಿಗೆ ಬಿಡದ ಕವಾಟ) ಕೂತಿರುವ ಅಲ್ಯೂಮಿನಿಯಂ ಹೌಸಿಂಗ್‌ಗೆ ನೇರ ಹಿಡಿದರೆ 90 ಡಿಗ್ರಿ ಇರುವುದನ್ನು 50 ಅಂತಲೂ ತೋರಿಸೀತು. ಅಲ್ಲಿ ಎರಡು ಇಂಚು ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ, ಎರಡು ನಿಮಿಷ ಬಿಟ್ಟು ಟೇಪಿನ ಮೇಲೆ ಓದಿ. ವೈರಿಂಗಿನ ಪಿವಿಸಿ ಟೇಪ್ 80 ಡಿಗ್ರಿ ದಾಟಿದರೆ ಮೆತ್ತಗಾಗಿ ಜಾರುತ್ತದೆ. ಗನ್ನಿನ ಜೊತೆ ಬರುವ ಚೀಟಿಯಲ್ಲಿ ಈ ವಿಷಯ ಎರಡು ಸಾಲಿನಲ್ಲಿ, ಇರುವೆ ಅಕ್ಷರದಲ್ಲಿ ಇರುತ್ತದೆ. ಹಾಗಾಗಿಯೇ "ಗನ್ ಸುಳ್ಳು ಹೇಳ್ತದ" ಅಂತ ಮೂಲೆಗೆ ಒಗೆದವರು ಬಹಳ.

ಪರೀಕ್ಷೆ ತಣ್ಣನೆಯ ಎಂಜಿನ್ನಿನಿಂದಲೇ ಶುರುವಾಗಬೇಕು. ಕ್ಯಾಪ್ ತೆಗೆದು ನೀರಿನ ಮಟ್ಟ ನೋಡಿ, ಮುಚ್ಚಿ, ಚಾಲೂ ಮಾಡಿ. (ಕಾಯ್ದ ಎಂಜಿನ್ನಿನ ಕ್ಯಾಪ್ ತೆಗೆದು ಕೈ, ಮುಖ ಸುಟ್ಟುಕೊಳ್ಳಬೇಡಿ.) ಹೌಸಿಂಗ್ ಮೇಲಿನ ಟೇಪು, ಎಂಜಿನ್ನಿನಿಂದ ರೆಡಿಯೇಟರಿಗೆ ಬಿಸಿ ನೀರು ಒಯ್ಯುವ ಮೇಲಿನ ಪೈಪು, ಎರಡನ್ನೂ ನಿಮಿಷಕ್ಕೊಮ್ಮೆ ಓದುತ್ತ ಹೋಗಿ. ಥರ್ಮೋಸ್ಟಾಟ್ ಸರಿ ಇದ್ದರೆ ಹೌಸಿಂಗ್ 80-85 ತಲುಪುವತನಕ ಪೈಪು ಹಿಂದೆ ಉಳಿದು, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಹೌಸಿಂಗ್ 95 ದಾಟಿದರೂ ಪೈಪು ಬೆಚ್ಚಗಷ್ಟೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿಯೇ ಕೂತಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ಮೊದಲಿನಿಂದ ಜೋಡಿಯಾಗಿ ಏರಿದರೆ ಅದು ತೆರೆದೇ ನಿಂತಿದೆ, ಅಥವಾ ಯಾರೋ ಹಿಂದೊಮ್ಮೆ ಕಿತ್ತು ಒಗೆದಿದ್ದಾರೆ. ನಮ್ಮ ಕಡೆ ಹಳೆ ಗಾಡಿಗಳಲ್ಲಿ ಈ ಎರಡನೆಯದೇ ಹೆಚ್ಚು.

ಮುಂದೆ ಮೇಲಿನ ಪೈಪು ಮತ್ತು ತಣಿದ ನೀರು ಎಂಜಿನ್ನಿಗೆ ಮರಳುವ ಕೆಳಗಿನ ಪೈಪು, ಇವುಗಳ ಬಿಸಿಯ ಅಂತರ. ಗನ್ನಿಗೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ. ಫ್ಯಾನ್ ತಿರುಗುವಾಗ 8ರಿಂದ 15 ಡಿಗ್ರಿ ಇಳಿಕೆ ಕಂಡರೆ ರೆಡಿಯೇಟರ್ ಕೆಲಸ ಮಾಡುತ್ತಿದೆ ಎಂದು ಹಿಡಿಯಬಹುದು. ಎರಡೂ ಸುಡುತ್ತ, ಅಂತರ ಎರಡು-ಮೂರೇ ಡಿಗ್ರಿ ಇದ್ದರೆ ನೀರು ಹರಿಯುತ್ತಿದೆ, ಗಾಳಿ ಹಾಯುತ್ತಿಲ್ಲ: ಫ್ಯಾನ್ ನಿಂತಿದೆ, ಅಂಬಾಸಡರಿನ ಫ್ಯಾನ್ ತಿರುಗಿಸುವ ಬೆಲ್ಟ್ ಸಡಿಲಾಗಿದೆ, ಅಥವಾ ರೆಡಿಯೇಟರಿನ ಫಿನ್ನುಗಳಲ್ಲಿ (ನಳಿಗೆಗಳ ನಡುವಿನ ತೆಳು ತಗಡುಗಳಲ್ಲಿ) ಎರೆಮಣ್ಣಿನ ಧೂಳು, ಹತ್ತಿಯ ಎಳೆ ತುಂಬಿದೆ. ಅಂತರ 30 ಡಿಗ್ರಿ ಆದರೆ ಗಾಳಿ ಸರಿ, ನೀರಿನ ಓಟ ಕಡಿಮೆ: ಒಳಗಿನ ನಳಿಗೆಗಳು ಕಟ್ಟಿವೆ, ವಾಟರ್ ಪಂಪಿನ ರೆಕ್ಕೆ ಸವೆದಿದೆ, ಅಥವಾ ರೇಸ್ ಮಾಡಿದಾಗ ಕೆಳಗಿನ ಪೈಪು ಹೀರಿಕೊಂಡು ಚಪ್ಪಟೆಯಾಗುತ್ತಿದೆ. ನವಲಗುಂದ, ಗದಗ ಕಡೆಯ ಸವಳು ಬೋರ್ ನೀರು ವರ್ಷಗಟ್ಟಲೆ ಸುರಿದ ಗಾಡಿಯಲ್ಲಿ ನಳಿಗೆ ಕಟ್ಟಿದ್ದರೆ ಆಶ್ಚರ್ಯವಿಲ್ಲ. ಫ್ಯಾನ್ ನಿಲ್ಲಿಸಿ ರೆಡಿಯೇಟರಿನ ಮೈಮೇಲೆ ಗನ್ ನಿಧಾನಕ್ಕೆ ಎಳೆದರೆ ಕಟ್ಟಿದ ಪಟ್ಟಿ ಸುತ್ತಲಿನದಕ್ಕಿಂತ ತಣ್ಣಗೆ ಸಿಗುತ್ತದೆ. ಎಸಿ ಗಾಡಿಯಲ್ಲಿ ಮುಂದೆ ಎಸಿಯ ಕಂಡೆನ್ಸರ್ ಜಾಲರಿ ಅಡ್ಡ ಇರುವುದರಿಂದ ಎಂಜಿನ್ ಕಡೆಯಿಂದ ಓದಬೇಕು.

ಊರೊಳಗಿನ ಲಕ್ಷಣವೂ ಇದಕ್ಕೆ ತಾಳೆಯಾಗುತ್ತದೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನ ದಟ್ಟಣೆಯಲ್ಲಿ ಟೆಂಪರೇಚರ್ ಮುಳ್ಳು ಏರಿ, ಬೈಪಾಸಿಗೆ ಬಿದ್ದ ಮೇಲೆ ಇಳಿದರೆ ಗಾಳಿಯ ದೋಷ. ಊರಲ್ಲಿ ಸುಮ್ಮನಿದ್ದು ಗದಗ ರಸ್ತೆಯಲ್ಲಿ 80ರ ವೇಗಕ್ಕೆ ಕಾಯ್ದರೆ ನೀರಿನ ಓಟದ ದೋಷ.

ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಅದು ಯಾವ ಬಿಸಿಗೆ ಚಾಲೂ ಆಗುತ್ತದೆ ಎಂದೂ ಬರೆದುಕೊಳ್ಳಿ. ಟೇಪಿನ ಮೇಲೆ 100 ಕಂಡರೂ ತಿರುಗದಿದ್ದರೆ ಥರ್ಮೋ ಸ್ವಿಚ್ಚಿನ ಎರಡು ವೈರ್ ಕಿತ್ತು ಒಂದಕ್ಕೊಂದು ಜೋಡಿಸಿ. ತಿರುಗಿದರೆ ಸ್ವಿಚ್ ಕೆಟ್ಟಿದೆ. ಇಲ್ಲದಿದ್ದರೆ ಫ್ಯೂಸ್, ರಿಲೇ, ಮೋಟರ್ ನೋಡಿ. ಡ್ಯಾಶ್‌ಬೋರ್ಡಿನ ಮುಳ್ಳು ಕೆಂಪಿನಲ್ಲಿದ್ದು ಗನ್ 85 ತೋರಿಸಿದರೆ, ನೀರಿನ ಮಟ್ಟವೂ ಸರಿ ಇದ್ದರೆ, ಎಂಜಿನ್ ಕಾಯ್ದೇ ಇಲ್ಲ. ಮುಳ್ಳಿಗೆ ಬಿಸಿಯ ಸಂಕೇತ ಕಳಿಸುವ ಸೆಂಡರ್ ಅಥವಾ ಅರ್ಥಿಂಗ್ ಕೆಟ್ಟಿದೆ.

ಗನ್ನಿಗೆ ಕಾಣದ್ದೂ ಇದೆ. ಮೊದಲನೆಯದು ಒತ್ತಡ. ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲಿರುವ ಹುಬ್ಬಳ್ಳಿಯಲ್ಲಿ ಬರಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. 0.9 ಕೆಜಿ ಒತ್ತಡ ಹಿಡಿಯುವ ಕ್ಯಾಪ್ ಗಟ್ಟಿ ಇದ್ದರೆ ಅದೇ ನೀರು 115ರ ಆಚೆಗೂ ತಡೆಯುತ್ತದೆ. ಅಂದರೆ ಎರಡು ಗಾಡಿಯಲ್ಲೂ ಗನ್ 98 ತೋರಿಸಿದರೂ, ಕ್ಯಾಪಿನ ರಬ್ಬರ್ ಸೀಳಿದ ಗಾಡಿ ಮಾತ್ರ ಉಕ್ಕುತ್ತದೆ. ಕ್ಯಾಪ್ ಅಗ್ಗದ ಸಾಮಾನು, ಸಂಶಯ ಬಂದರೆ ಅದೇ ಒತ್ತಡದ ಹೊಸದು ಹಾಕಿ.

ಗನ್ ಸ್ವತಃ 40 ಡಿಗ್ರಿಯವರೆಗಿನ ಗಾಳಿಯಲ್ಲಿ ಕೆಲಸ ಮಾಡಲು ಮಾಡಿದ್ದು. ಮಧ್ಯಾಹ್ನದ ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟದ್ದನ್ನು ಎತ್ತಿ ಓದಿದರೆ ಅಂಕಿ ನಂಬಬೇಡಿ. ನೆರಳಲ್ಲಿ ಕಾಲು ತಾಸು ಇಟ್ಟು ಓದಿ. ಹಬೆ ಏಳುತ್ತಿದ್ದರೂ ಅಷ್ಟೇ, ಅದು ಹಬೆಯನ್ನೇ ಓದುತ್ತದೆ.

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲು) ಹೋದದ್ದೂ ಗನ್ನಿಗೆ ತಿಳಿಯುವುದಿಲ್ಲ. ಮೇಲಿನದೆಲ್ಲ ಸರಿ ಇದ್ದೂ ನೀರು ಖಾಲಿಯಾಗುತ್ತಿದ್ದರೆ, ತಣ್ಣಗಿರುವಾಗ ಕ್ಯಾಪ್ ತೆಗೆದು ಚಾಲೂ ಮಾಡಿ ಗುಳ್ಳೆ ಬಿಡದೆ ಏಳುತ್ತಿವೆಯೇ ನೋಡಿ. ಎದ್ದರೆ ರೆಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವ ಬ್ಲಾಕ್ ಟೆಸ್ಟ್ ಮಾಡಿಸಿ. ದ್ರವ ಹಳದಿಗೆ ತಿರುಗಿದರೆ ಹೆಡ್ ಬಿಚ್ಚಲೇಬೇಕು.