ಲಿನಕ್ಸ್‌ನಲ್ಲಿ ಆರ್‌ಎಕ್ಸ್ 6600: ಪೋರ್ಟ್ ಹೇಳುವುದೊಂದು, ಡ್ರೈವರ್ ಕೊಡುವುದೊಂದು (ದೀರ್ಘಕಾಲದ ಬಳಕೆಯ ವಿಮರ್ಶೆ)

ಎಎಂಡಿಯ ಗ್ರಾಫಿಕ್ಸ್ ಕಾರ್ಡ್ ರೇಡಿಯಾನ್ ಆರ್‌ಎಕ್ಸ್ 6600 ಮಾರುಕಟ್ಟೆಗೆ ಬಂದದ್ದು 2021ರ ಅಕ್ಟೋಬರ್‌ನಲ್ಲಿ. 8 ಜಿಬಿ ಮೆಮೊರಿ, 132 ವಾಟ್, ಒಂದೇ 8 ಪಿನ್ ಪವರ್ ಕನೆಕ್ಟರ್. ಆಟಗಳಲ್ಲಿ ಎಷ್ಟು ಎಫ್‌ಪಿಎಸ್ ಬರುತ್ತದೆ ಎಂಬುದರ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ಇಲ್ಲಿ ನೋಡುತ್ತಿರುವುದು ಬೇರೆ. ಇದೇ ಕಾರ್ಡನ್ನು ಲಿನಕ್ಸ್‌ನ ಎಎಂಡಿಜಿಪಿಯು ಡ್ರೈವರ್ ಜೊತೆ, 6.6 ಮತ್ತು 6.12 ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಕರ್ನಲ್‌ಗಳಲ್ಲಿ, ಒಂದು 4ಕೆ ಮಾನಿಟರ್ ಮತ್ತು ಒಂದು 4ಕೆ ಟಿವಿಗೆ ಜೋಡಿಸಿ ದಿನವೂ ಬಳಸಿದರೆ ಪರದೆಯ ಮೇಲೆ ನಿಜಕ್ಕೂ ಏನು ಸಿಗುತ್ತದೆ?

5ಕ್ಕೆ 4 ಅಂಕ. ಕಳೆದ ಆ ಒಂದು ಅಂಕ ಪೂರ್ತಿಯಾಗಿ ಎಚ್‌ಡಿಎಂಐ ಪೋರ್ಟಿನದು. ಮಾನಿಟರ್‌ಗೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕುವವರು ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು. 4ಕೆ 120 ಹರ್ಟ್ಜ್ ಟಿವಿಗೆ ಹಾಕುವ ಯೋಚನೆ ಇರುವವರು ಮುಂದಿನದನ್ನು ಓದಿ ಆಮೇಲೆ ನಿರ್ಧರಿಸಲಿ.

ಇನ್‌ಸ್ಟಾಲ್ ಮಾಡುವುದು

ಎಲ್ಲಿಂದಲೂ ಡ್ರೈವರ್ ಡೌನ್‌ಲೋಡ್ ಮಾಡಬೇಕಿಲ್ಲ. ಎಎಂಡಿಜಿಪಿಯು 2015ರ 4.2 ಕರ್ನಲ್‌ನಿಂದಲೇ ಕರ್ನಲ್‌ನ ಒಳಗಿದೆ. ಪರದೆಯ ಕೆಲಸ ನೋಡಿಕೊಳ್ಳುವ ಡಿಸ್‌ಪ್ಲೇ ಕೋರ್ ಭಾಗ 2018ರ 4.15ರಲ್ಲಿ ಸೇರಿತು. ಆದರೆ ಡ್ರೈವರ್ ಅಂದರೆ ಒಂದೇ ತುಂಡಲ್ಲ, ಮೂರು: ಕರ್ನಲ್ ಮಾಡ್ಯೂಲ್, ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್, ಮೆಸಾ (ಗ್ರಾಫಿಕ್ಸ್ ಮತ್ತು ವಿಡಿಯೋ ಲೈಬ್ರರಿಗಳು). ಮೂರರಲ್ಲಿ ಒಂದು ಹಳೆಯದಾಗಿದ್ದರೂ ತೊಂದರೆ ಬರುತ್ತದೆ. ಫರ್ಮ್‌ವೇರ್ ಇಲ್ಲದಿದ್ದರೆ ಕರ್ನಲ್ ಸಂದೇಶಗಳ ಡಿಮೆಸ್ಗ್ ಲಾಗ್‌ನಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ ಮೈನಸ್ 2 ಎಂಬ ಸಾಲು ಕಾಣುತ್ತದೆ. ಫೈಲೇ ಸಿಗಲಿಲ್ಲ ಎಂದು ಅದರ ಅರ್ಥ. ಡೆಬಿಯನ್ 11 ಅಥವಾ ಅದಕ್ಕೂ ಹಿಂದಿನದರಲ್ಲಿ ಫರ್ಮ್‌ವೇರ್ ಪ್ಯಾಕೇಜನ್ನು ಕೈಯಾರೆ ಸೇರಿಸಬೇಕು. 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರ್ ತಾನೇ ಹಾಕಿಕೊಳ್ಳುತ್ತದೆ. 6600ಕ್ಕೆ ಈಗಿನ ಯಾವ ಡಿಸ್ಟ್ರೋ ಆದರೂ ಸಾಕು.

ಎಚ್‌ಡಿಎಂಐ: ಲೆಕ್ಕ ಇಲ್ಲಿದೆ

ಕಾರ್ಡಿನ ಪೆಟ್ಟಿಗೆಯ ಮೇಲೆ ಎಚ್‌ಡಿಎಂಐ 2.1 ಎಂದಿದೆ, ಚಿಪ್‌ನಲ್ಲಿ ಅದು ಇದೆ ಕೂಡ. ವಿಂಡೋಸ್‌ನಲ್ಲಿ ಅದೇ ಕಾರ್ಡು, ಅದೇ ಕೇಬಲ್, ಅದೇ ಟಿವಿ 4ಕೆ 120 ತೋರಿಸುತ್ತವೆ. ಈ ಕರ್ನಲ್‌ಗಳಲ್ಲಿ ಮಾತ್ರ ಎಚ್‌ಡಿಎಂಐ 2.0ರ ವೇಗದಾಚೆಗೆ ಹೋಗುವುದಿಲ್ಲ. ಇದು ಎಂಜಿನಿಯರಿಂಗ್ ಸೋಲಲ್ಲ. 2.1ರ ಸ್ಪೆಸಿಫಿಕೇಷನ್ ಸದಸ್ಯರಿಗಷ್ಟೇ ಸಿಗುವ ದಾಖಲೆ. ಮುಕ್ತ ಡ್ರೈವರ್‌ನಲ್ಲಿ ಅದನ್ನು ಬರೆದರೆ ದಾಖಲೆಯ ಒಳಗಿನದೆಲ್ಲ ಕೋಡ್ ರೂಪದಲ್ಲಿ ಬಯಲಾದಂತೆ. ಎಎಂಡಿಯವರು ಕೋಡ್ ಸಿದ್ಧಮಾಡಿಕೊಂಡು ಅನುಮತಿ ಕೇಳಿದ್ದರು. ಆ ಮಾನದಂಡ ರೂಪಿಸುವ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ ಎಂದು 2024ರ ಫೆಬ್ರವರಿಯಲ್ಲಿ ಅವರ ಎಂಜಿನಿಯರ್ ಬಹಿರಂಗವಾಗಿಯೇ ತಿಳಿಸಿದರು. ಎನ್‌ವಿಡಿಯಾ ಇದೇ ಕೆಲಸವನ್ನು ಮುಚ್ಚಿದ ಫರ್ಮ್‌ವೇರ್‌ನೊಳಗೆ ಮಾಡುವುದರಿಂದ ಅದರ ಕಾರ್ಡುಗಳಿಗೆ ಈ ತಡೆ ಇಲ್ಲ. ಪೋರ್ಟಿಗೆ ದುಡ್ಡು ಕೊಟ್ಟವರು ಗ್ರಾಹಕರು, ಅದರ ಪೂರ್ತಿ ವೇಗ ಅವರಿಗೇ ಸಿಗದಿರುವುದು ತೀರಾ ಬೇಸರದ ಸಂಗತಿ.

ಹಾಗಾದರೆ 2.0ರಲ್ಲಿ ಏನು ಹಿಡಿಸುತ್ತದೆ? 4ಕೆ 60ಕ್ಕೆ ಕಾಣುವ ಪಿಕ್ಸೆಲ್‌ಗಳ ಜೊತೆ ಖಾಲಿ ಅಂಚುಗಳೂ ಸೇರಿ ಒಂದು ಫ್ರೇಮ್ 4400×2250. ಅದನ್ನು 60ರಿಂದ ಗುಣಿಸಿದರೆ ಪಿಕ್ಸೆಲ್ ಕ್ಲಾಕ್ (ಸೆಕೆಂಡಿಗೆ ಕಳಿಸುವ ಪಿಕ್ಸೆಲ್‌ಗಳ ದರ) 594 ಮೆಗಾಹರ್ಟ್ಜ್. 2.0ರ ಮಿತಿ 600. ಅಂದರೆ 4ಕೆ 60, 8 ಬಿಟ್, ಪೂರ್ಣ ಬಣ್ಣ ಅಂಚಿಗೆ ಅಂಚು ಹಿಡಿಸುತ್ತದೆ. 10 ಬಿಟ್ ಬೇಕೆಂದರೆ 594ರ ಒಂದೂಕಾಲು ಪಟ್ಟು, 742.5 ಮೆಗಾಹರ್ಟ್ಜ್. ಹಿಡಿಸುವುದಿಲ್ಲ. ಡ್ರೈವರ್ ಏನೂ ಹೇಳದೆ 8 ಬಿಟ್‌ಗೆ ಇಳಿಯುತ್ತದೆ.

ಎಚ್‌ಡಿಆರ್ ಸಿನಿಮಾ ನೋಡುವವರಿಗೆ ಇದರಲ್ಲೇ ಒಂದು ದಾರಿ ಇದೆ. ಸಿನಿಮಾ ಇರುವುದು 24 ಫ್ರೇಮ್‌ನಲ್ಲಿ. ಟಿವಿಯನ್ನು 4ಕೆ 24 ಹರ್ಟ್ಜ್‌ಗೆ ಹಾಕಿದರೆ ಪಿಕ್ಸೆಲ್ ಕ್ಲಾಕ್ 297ಕ್ಕೆ ಇಳಿಯುತ್ತದೆ, 10 ಬಿಟ್‌ಗೆ ಏರಿಸಿದರೂ 371 ಅಷ್ಟೇ. ಪೂರ್ಣ ಬಣ್ಣದ 10 ಬಿಟ್ ಸಲೀಸಾಗಿ ಹೋಗುತ್ತದೆ. ಪ್ಲಾಸ್ಮಾ 6 ಡೆಸ್ಕ್‌ಟಾಪ್‌ನಲ್ಲಿ ಎಚ್‌ಡಿಆರ್ ಸ್ವಿಚ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ಇದೆ, ಗ್ನೋಮ್‌ನಲ್ಲಿ 48ರಿಂದ ಬಂದಿದೆ. ಮೌಸ್ ಓಡಾಟ ತಡವರಿಸುತ್ತದೆ, ಸಿನಿಮಾ ಮುಗಿದ ಮೇಲೆ 60ಕ್ಕೆ ಮರಳಿಸಿ.

4ಕೆ 30ರ ಮೇಲೆ ಹೋಗುವುದೇ ಇಲ್ಲ ಎಂಬ ದೂರು ಬಂದರೆ ಡ್ರೈವರ್ ಮೇಲೆ ಹಾರಬೇಡಿ, ಮೊದಲು ಟಿವಿಯ ಮೆನು ನೋಡಿ. ಅನೇಕ ಟಿವಿಗಳು ಪೋರ್ಟನ್ನು ಹಳೆಯ 1.4 ಮಟ್ಟದಲ್ಲಿ ಇಟ್ಟಿರುತ್ತವೆ. ಎಲ್‌ಜಿಯಲ್ಲಿ ಅದರ ಹೆಸರು ಅಲ್ಟ್ರಾ ಎಚ್‌ಡಿ ಡೀಪ್ ಕಲರ್, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನಿಯಲ್ಲಿ ಎನ್‌ಹಾನ್ಸ್ಡ್ ಫಾರ್ಮ್ಯಾಟ್. ಅದು ಆಫ್ ಇದ್ದರೆ ಟಿವಿ ತನ್ನ ಮಿತಿ 340 ಮೆಗಾಹರ್ಟ್ಜ್‌ನೊಳಗೇ ಇದೆ ಎಂಬಂತೆ ವರದಿ ಮಾಡುತ್ತದೆ. ಆಗ ಸಿಗುವುದು 4ಕೆ 30, ಇಲ್ಲವೇ 4:2:0 ಬಣ್ಣದ 4ಕೆ 60. ಈ 4:2:0ರಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ. ವಿಡಿಯೋದಲ್ಲಿ ಗೊತ್ತಾಗುವುದಿಲ್ಲ, ಅಕ್ಷರಗಳಲ್ಲಿ ಗೊತ್ತಾಗುತ್ತದೆ. ಕಪ್ಪು ಹಿನ್ನೆಲೆಯ ಟರ್ಮಿನಲ್‌ನಲ್ಲಿ ಕೆಂಪು ಬಣ್ಣದ ಕನ್ನಡ ಪಠ್ಯ ತೆರೆದು ನೋಡಿ: ಒತ್ತಕ್ಷರಗಳ ಸಣ್ಣ ಸುರುಳಿಗಳು ಕಲೆಸಿಹೋಗಿದ್ದರೆ, ‘ಕ್ಷ್ಮ’ದಂಥ ಅಕ್ಷರ ಒಂದು ಮುದ್ದೆಯಾಗಿ ಕಂಡರೆ, ಪರದೆಗೆ ಹೋಗುತ್ತಿರುವುದು 4:2:0. ಯಾವ ಟೂಲೂ ಬೇಡ, ಕಣ್ಣೇ ಸಾಕು.

ಟಿವಿಗೆ 4ಕೆ 120 ಬೇಕೇ ಬೇಕು ಎಂದರೆ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐ 2.1ಗೆ ಬದಲಿಸುವ ಅಡಾಪ್ಟರ್ ತನ್ನಿ. ಅದು ಆಕ್ಟಿವ್ ಆಗಿರಬೇಕು, ಅಂದರೆ ಒಳಗೆ ಪರಿವರ್ತಕ ಚಿಪ್ ಇರಬೇಕು. ಪ್ಯಾಸಿವ್ ಅಡಾಪ್ಟರ್‌ನಲ್ಲಿ ಕಾರ್ಡು ಎಚ್‌ಡಿಎಂಐ ಸಿಗ್ನಲ್ಲನ್ನೇ ಕಳಿಸುತ್ತದೆ, ಅದೇ ಹಳೆಯ ಮಿತಿ ಮತ್ತೆ ಬರುತ್ತದೆ. ಇನ್ನೊಂದು ವಿಷಯ: ಡಿಸ್‌ಪ್ಲೇಪೋರ್ಟ್ 1.4ರಲ್ಲಿ ಡೇಟಾಗೆ ಉಳಿಯುವುದು 25.92 ಗಿಗಾಬಿಟ್. ಟಿವಿಗಳ 4ಕೆ 120 ಟೈಮಿಂಗ್‌ಗೆ 8 ಬಿಟ್‌ನಲ್ಲೂ 28.5 ಬೇಕು. ಹಾಗಾಗಿ ಕಾರ್ಡು ಡಿಎಸ್‌ಸಿ ಸಂಕೋಚನ ಮಾಡಬೇಕು, ಅಡಾಪ್ಟರ್ ಅದನ್ನು ಬಿಚ್ಚಬೇಕು. 6600ಕ್ಕೆ ಡಿಎಸ್‌ಸಿ ಬರುತ್ತದೆ. ಆರ್‌ಎಕ್ಸ್ 580ರಂಥ ಪೋಲಾರಿಸ್ ಕಾರ್ಡುಗಳಿಗೆ ಬರುವುದಿಲ್ಲ, ಅವಕ್ಕೆ ಈ ಅಡಾಪ್ಟರ್ ಕೊಂಡರೆ ದುಡ್ಡು ದಂಡ. ಅಡಾಪ್ಟರ್ ಮೂಲಕ ವಿಆರ್‌ಆರ್ (ಫ್ರೇಮ್‌ಗೆ ತಕ್ಕಂತೆ ರಿಫ್ರೆಶ್ ದರ ಬದಲಾಗುವುದು) ಬರುತ್ತದೆಂದು ನಂಬಿಕೊಂಡು ಕೊಳ್ಳಬೇಡಿ.

ಮಾನಿಟರ್‌ಗಾದರೆ ಈ ಗೋಜಲು ಇಲ್ಲ. ಮಾನಿಟರ್‌ಗಳ ಕಿರಿದಾದ ಟೈಮಿಂಗ್‌ನಲ್ಲಿ 4ಕೆ 120, 8 ಬಿಟ್‌ಗೆ 25.82 ಗಿಗಾಬಿಟ್ ಸಾಕು, ಸಂಕೋಚನವಿಲ್ಲದೆಯೇ ಹಿಡಿಸುತ್ತದೆ. 4ಕೆ 60, 10 ಬಿಟ್ ಅಂತೂ ಆರಾಮ. ವಿಆರ್‌ಆರ್ ಕೂಡ ಕೈಕೊಡುವುದಿಲ್ಲ.

ಬಣ್ಣ ಯಾಕೆ ಬೇರೆ ಕಾಣುತ್ತದೆ

ಈ ಡ್ರೈವರ್‌ಗೆ ಒಂದು ಅಭ್ಯಾಸ ಇದೆ. ಎಚ್‌ಡಿಎಂಐಯಲ್ಲಿ ಪರದೆ ‘ವೈಸಿಬಿಸಿಆರ್ 4:4:4 (ಟಿವಿಗಳಲ್ಲಿ ಬಣ್ಣ ಕಳಿಸುವ ರೀತಿ) ನನಗೆ ಬರುತ್ತದೆ’ ಎಂದು ಹೇಳಿದರೆ ಆರ್‌ಜಿಬಿ ಬಿಟ್ಟು ಅದನ್ನೇ ಆರಿಸಿಕೊಳ್ಳುತ್ತದೆ. ಕೆಲವು ಮಾನಿಟರ್‌ಗಳು ಆಗ ತಮ್ಮನ್ನು ಟಿವಿ ಎಂದು ಭಾವಿಸಿ ಬಣ್ಣದ ಸೆಟ್ಟಿಂಗ್‌ಗಳನ್ನು ಮುಚ್ಚಿಬಿಡುತ್ತವೆ, ಕಪ್ಪು ಬೂದಿಯಂತೆ ಕಾಣುತ್ತದೆ. ವಿಂಡೋಸ್‌ನಲ್ಲಿ ಎಎಂಡಿಯ ಸೆಟ್ಟಿಂಗ್ ತಂತ್ರಾಂಶ ಅಡ್ರಿನಲಿನ್‌ನಲ್ಲಿ ಪಿಕ್ಸೆಲ್ ಫಾರ್ಮ್ಯಾಟ್ ಆರಿಸಲು ಒಂದು ಮೆನು ಇದೆ, ಈ ಕರ್ನಲ್‌ಗಳಲ್ಲಿ ಅದು ಇಲ್ಲ. ಇಷ್ಟು ಚಿಕ್ಕ ಸೌಲಭ್ಯ ಇಲ್ಲದಿರುವುದೇ ಈ ಡ್ರೈವರ್‌ನ ದೊಡ್ಡ ಕೊರತೆ. ಡಿಸ್‌ಪ್ಲೇಪೋರ್ಟ್‌ಗೆ ಬದಲಾಯಿಸಿದರೆ ತೊಂದರೆ ಅಲ್ಲೇ ಮುಗಿಯುತ್ತದೆ. ಅದು ಸಾಧ್ಯವಿಲ್ಲದವರು ಇಡಿಐಡಿ ತಿದ್ದಬೇಕು.

ಇಡಿಐಡಿ ಎಂದರೆ ಪರದೆ ತನ್ನ ಬಗ್ಗೆ ತಾನೇ ಕೊಡುವ ಜಾತಕ. 128 ಬೈಟ್‌ಗಳ ಕಂತುಗಳಾಗಿ, ಎಚ್‌ಡಿಎಂಐಯ 15 ಮತ್ತು 16ನೇ ಪಿನ್‌ಗಳ ಮೂಲಕ ಕಾರ್ಡಿಗೆ ಬರುತ್ತದೆ. ಸಿಸ್ ಫೋಲ್ಡರ್‌ನ ಕ್ಲಾಸ್, ಅದರೊಳಗಿನ ಡಿಆರ್‌ಎಂಗೆ ಹೋದರೆ ಪ್ರತಿ ಪೋರ್ಟಿಗೂ ಒಂದು ಫೋಲ್ಡರ್, ಅದರಲ್ಲಿ ಇಡಿಐಡಿ ಎಂಬ ಫೈಲ್ ಇರುತ್ತದೆ. ಗಾತ್ರ 0 ಎಂದು ತೋರಿಸಿದರೂ ಗಾಬರಿ ಬೇಡ. ಕ್ಯಾಟ್ ಕಮಾಂಡ್‌ನಿಂದ ಬೇರೆ ಫೈಲಿಗೆ ಇಳಿಸಿಕೊಂಡರೆ ಸಾಮಾನ್ಯವಾಗಿ 256 ಬೈಟ್ ಬರುತ್ತದೆ. ಮೂಲದ ಒಂದು ಪ್ರತಿ ತೆಗೆದಿಡಿ.

ಅದನ್ನು ಇಡಿಐಡಿ-ಡಿಕೋಡ್‌ನಲ್ಲಿ ತೆರೆದು ಎರಡು ವಿಷಯ ನೋಡಿ. ಎಚ್‌ಡಿಎಂಐ ಫೋರಂ ಬ್ಲಾಕ್‌ನಲ್ಲಿ ಗರಿಷ್ಠ ಟಿಎಂಡಿಎಸ್ (ಎಚ್‌ಡಿಎಂಐ ಸಿಗ್ನಲ್) ದರ 600 ಎಂದಿದೆಯೇ (ಇಲ್ಲದಿದ್ದರೆ ಮೇಲೆ ಹೇಳಿದ ಟಿವಿ ಮೆನು), ಮತ್ತು ವೈಸಿಬಿಸಿಆರ್ ಬೆಂಬಲ ಎಲ್ಲೆಲ್ಲಿ ಘೋಷಿಸಿದೆ. ಆಮೇಲೆ ಡಬ್ಲ್ಯುಎಕ್ಸ್‌ಇಡಿಐಡಿ ಎಂಬ ಎಡಿಟರ್‌ನಲ್ಲಿ ವೈಸಿಬಿಸಿಆರ್‌ನ ಬಿಟ್‌ಗಳನ್ನು ಸೊನ್ನೆ ಮಾಡಿ. ಬಹಳ ಜನ ಎಡವುವುದು ಇಲ್ಲೇ: ಇಡಿಐಡಿ 1.4ರಲ್ಲಿ ಈ ಮಾಹಿತಿ ಎರಡು ಕಡೆ ಇರುತ್ತದೆ. ಒಂದು ಮೊದಲ ಕಂತಿನ ಫೀಚರ್ ಬೈಟ್‌ನಲ್ಲಿ, ಇನ್ನೊಂದು ಸಿಟಿಎ ಎಂಬ ಮುಂದಿನ ಕಂತಿನ ಆರಂಭದಲ್ಲಿ. ಒಂದನ್ನು ಬಿಟ್ಟರೂ ಡ್ರೈವರ್ ಮತ್ತೆ ವೈಸಿಬಿಸಿಆರ್‌ಗೇ ಹೋಗುತ್ತದೆ. ಪ್ರತಿ ಕಂತಿನ ಕೊನೆಯ ಬೈಟ್ ಚೆಕ್‌ಸಮ್. ಆ ಎಡಿಟರ್ ಅದನ್ನು ತಾನೇ ಲೆಕ್ಕ ಹಾಕಿಕೊಡುತ್ತದೆ, ಹೆಕ್ಸ್ ಎಡಿಟರ್‌ನಲ್ಲಿ ತಿದ್ದುವವರು ಒಟ್ಟು ಮೊತ್ತ 256ರಿಂದ ಭಾಗವಾಗುವಂತೆ ಸರಿಪಡಿಸಬೇಕು.

ಖಾಯಂ ಮಾಡುವ ಮೊದಲು ಪರೀಕ್ಷಿಸಬಹುದು. ಕರ್ನಲ್‌ನ ಪರೀಕ್ಷಾ ಫೋಲ್ಡರ್ ಆದ ಡಿಬಗ್‌ಎಫ್‌ಎಸ್‌ನಲ್ಲಿ ಆ ಪೋರ್ಟಿನ ಇಡಿಐಡಿ ಓವರ್‌ರೈಡ್ ಫೈಲಿಗೆ ತಿದ್ದಿದ ಪ್ರತಿಯನ್ನು ಬರೆದು ಕೇಬಲ್ ಕಿತ್ತು ಮತ್ತೆ ಹಾಕಿ. ತಪ್ಪಾದರೆ ರೀಬೂಟ್ ಮಾಡಿದರೆ ಸಾಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಅನೇಕ ಡಿಸ್ಟ್ರೋಗಳಲ್ಲಿ ಇದಕ್ಕೆ ಅವಕಾಶ ಇರುವುದಿಲ್ಲ. ಸರಿಬಂದ ಮೇಲೆ ಫೈಲನ್ನು ಲಿಬ್‌ನ ಫರ್ಮ್‌ವೇರ್ ಫೋಲ್ಡರ್‌ನೊಳಗೆ ಇಡಿಐಡಿ ಎಂಬ ಉಪಫೋಲ್ಡರ್ ಮಾಡಿ ಇಟ್ಟು, ಬೂಟ್ ಸಾಲಿನಲ್ಲಿ ಡಿಆರ್‌ಎಂನ ಇಡಿಐಡಿ ಫರ್ಮ್‌ವೇರ್ ಪ್ಯಾರಾಮೀಟರ್‌ಗೆ ಪೋರ್ಟಿನ ಹೆಸರು ಮತ್ತು ಫೈಲಿನ ದಾರಿ ಕೊಡಿ. ಫೈಲನ್ನು ಬೂಟ್‌ನ ಆರಂಭದಲ್ಲೇ ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್‌ಗೂ ಸೇರಿಸಲೇಬೇಕು. ಎಎಂಡಿಜಿಪಿಯು ಸಾಮಾನ್ಯವಾಗಿ ಡಿಸ್ಕ್ ತೆರೆಯುವ ಮೊದಲೇ ಎದ್ದು ಕೂರುತ್ತದೆ. ಆಗ ಫೈಲ್ ಸಿಗದಿದ್ದರೆ ಲಾಗ್‌ನಲ್ಲಿ ಒಂದು ಸಾಲು ಬರೆದು ಹಳೆಯ ಇಡಿಐಡಿಯಲ್ಲೇ ಮುಂದುವರಿಯುತ್ತದೆ.

ಇಡಿಐಡಿ ಓದಲೇ ಆಗದಿದ್ದರೆ ಪರದೆ ತೀರಾ ಕಡಿಮೆ ರೆಸಲ್ಯೂಷನ್‌ಗೆ ಬಂದು ನಿಲ್ಲಬಹುದು. ಹಾಗೆ ಕಂಡರೆ ಕೇಬಲ್, ಕೆವಿಎಂ ಸ್ವಿಚ್ ಅಥವಾ ನಡುವಿನ ಸ್ಪ್ಲಿಟರ್ ಅನ್ನು ಅನುಮಾನಿಸಿ. ಡ್ರೈವರ್ ಮರುಇನ್‌ಸ್ಟಾಲ್ ಮಾಡುವುದರಿಂದ ಏನೂ ಆಗದು.

ವಿಡಿಯೋ ಡಿಕೋಡಿಂಗ್

ಇಲ್ಲಿ ಕಾರ್ಡು ಪೂರ್ತಿ ಅಂಕ ಗಳಿಸುತ್ತದೆ. ಎಚ್.264, ಎಚ್‌ಇವಿಸಿ 10 ಬಿಟ್, ವಿಪಿ9, ಎವಿ1 ನಾಲ್ಕನ್ನೂ ಹಾರ್ಡ್‌ವೇರ್‌ನಲ್ಲೇ ಬಿಚ್ಚುತ್ತದೆ. ಎನ್‌ಕೋಡ್ ಎಚ್.264 ಮತ್ತು ಎಚ್‌ಇವಿಸಿಗೆ ಮಾತ್ರ. ಹೆಸರು ನೋಡಿ ಮೋಸಹೋಗಬೇಡಿ: ಇದೇ ಪೀಳಿಗೆಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿಯಲ್ಲಿ ಎವಿ1 ಡಿಕೋಡ್ ಇಲ್ಲ, ಎನ್‌ಕೋಡರ್ ಅಂತೂ ಇಲ್ಲವೇ ಇಲ್ಲ. ಹೋಮ್ ಥಿಯೇಟರ್ ಪಿಸಿಗೆಂದು ಕಡಿಮೆ ಬೆಲೆಗೆ ಅವನ್ನು ಕೊಳ್ಳುವವರು ಇದನ್ನು ಗಮನಿಸಬೇಕು.

ಕಾರ್ಡು ಏನೇನು ಬಿಚ್ಚಬಲ್ಲದು ಎಂದು ತೋರಿಸುವ ವಿಎಇನ್ಫೋ ಟೂಲ್ ಓಡಿಸಿ. ಪ್ರೊಫೈಲ್ ಮುಂದೆ ವಿಎಲ್‌ಡಿ ಎಂದಿದ್ದರೆ ಡಿಕೋಡ್, ಎನ್‌ಕ್‌ಸ್ಲೈಸ್ ಎಂದಿದ್ದರೆ ಎನ್‌ಕೋಡ್. ಫೆಡೋರಾದಲ್ಲಿ ಎಚ್.264 ಮತ್ತು ಎಚ್‌ಇವಿಸಿ ಸಾಲುಗಳೇ ಕಾಣುವುದಿಲ್ಲ. ಪೇಟೆಂಟ್ ಕಾರಣಕ್ಕೆ 2022ರಲ್ಲಿ ಅಲ್ಲಿನ ಮೆಸಾದಿಂದ ತೆಗೆದರು. ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಪ್ಯಾಕೇಜ್ ಭಂಡಾರದ ಫ್ರೀವರ್ಲ್ಡ್ ಮೆಸಾ ಪ್ಯಾಕೇಜಿಗೆ ಬದಲಿಸಿಕೊಂಡರೆ ಮರಳಿ ಬರುತ್ತವೆ. ಯೂಟ್ಯೂಬ್ ನುಣುಪಾಗಿ ಓಡುತ್ತದೆ, ಫೋನಿನಲ್ಲಿ ತೆಗೆದ ವಿಡಿಯೋ ಮಾತ್ರ ಸಿಪಿಯು ತಿನ್ನುತ್ತದೆ ಎಂದರೆ ಕಾರಣ ಇದೇ. ಯೂಟ್ಯೂಬ್ ಹೆಚ್ಚಾಗಿ ಕೊಡುವುದು ವಿಪಿ9 ಮತ್ತು ಎವಿ1, ಫೋನಿನ ಫೈಲ್‌ಗಳು ಎಚ್.264 ಅಥವಾ ಎಚ್‌ಇವಿಸಿ.

ಉಳಿದದ್ದು

ಎರಡು ಬೇರೆಬೇರೆ ರಿಫ್ರೆಶ್ ದರದ ಪರದೆಗಳನ್ನು ಹಾಕಿದಾಗ ಕಾರ್ಡು ಸುಮ್ಮನಿದ್ದರೂ ಬಿಸಿ ಎನಿಸಿದರೆ ಮೆಮೊರಿ ಕ್ಲಾಕ್ ನೋಡಿ. ಮೆಮೊರಿಯ ವೇಗ ಬದಲಿಸಲು ಎರಡು ಫ್ರೇಮ್‌ಗಳ ನಡುವಿನ ಖಾಲಿ ಸಮಯ ಬೇಕು. ಎರಡೂ ಪರದೆಗಳ ಖಾಲಿ ಸಮಯ ಒಟ್ಟಿಗೆ ಬರದಿದ್ದರೆ ಡ್ರೈವರ್ ಅದನ್ನು ಮೇಲಿನ ಮಟ್ಟದಲ್ಲೇ ಬಿಡುತ್ತದೆ. ಎರಡನ್ನೂ ಒಂದೇ ದರಕ್ಕೆ ತಂದು ನೋಡಿ.

ಟಿವಿಯಲ್ಲಿ ಹಾಡಿನ ಮೊದಲ ಅರೆಕ್ಷಣ ಕತ್ತರಿಸಿಹೋಗುವುದು ಗ್ರಾಫಿಕ್ಸ್ ಡ್ರೈವರ್‌ನ ತಪ್ಪಲ್ಲ. 5 ಸೆಕೆಂಡ್ ಸದ್ದಿಲ್ಲದಿದ್ದರೆ ಸದ್ದಿನ ನಿರ್ವಹಣೆ ನೋಡಿಕೊಳ್ಳುವ ವೈರ್‌ಪ್ಲಂಬರ್ ಆಡಿಯೋ ದಾರಿಯನ್ನು ಮಲಗಿಸುತ್ತದೆ. ಅದರ ಸಸ್ಪೆಂಡ್ ಟೈಮ್‌ಔಟ್ 0 ಮಾಡಿ.

ಡಿಸ್‌ಪ್ಲೇಪೋರ್ಟ್ ಕೇಬಲ್ ಕೊಳ್ಳುವಾಗ 20ನೇ ಪಿನ್ ಜೋಡಿಸಿರದ ಕೇಬಲ್ ಕೇಳಿ. ಆ ಪಿನ್‌ನಲ್ಲಿ 3.3 ವೋಲ್ಟ್ ಇರುತ್ತದೆ, ಅಡಾಪ್ಟರ್‌ಗಳಂಥವಕ್ಕೆ ವಿದ್ಯುತ್ ಕೊಡಲು. ಎರಡು ತುದಿಯಲ್ಲೂ ಅದನ್ನು ಜೋಡಿಸಿದ ಅಗ್ಗದ ಕೇಬಲ್‌ಗಳಲ್ಲಿ ಮಾನಿಟರ್‌ನಿಂದ ಕಾರ್ಡಿಗೆ ವಿದ್ಯುತ್ ಹಿಮ್ಮುಖವಾಗಿ ಹರಿಯುತ್ತದೆ. ಪಿಸಿ ಆಫ್ ಮಾಡಿದ ಮೇಲೂ ಫ್ಯಾನ್ ಅಥವಾ ದೀಪ ಮಿಣುಕುತ್ತಿದ್ದರೆ, ಆನ್ ಮಾಡಿದಾಗ ಬೂಟ್ ಆಗದೆ ಮಾನಿಟರ್ ಕೇಬಲ್ ಕಿತ್ತರೆ ಮಾತ್ರ ಎದ್ದರೆ, ಕಾರ್ಡನ್ನು ಸರ್ವೀಸ್‌ಗೆ ಕೊಡುವ ಮೊದಲು ಆ ಕೇಬಲ್ ಬದಲಿಸಿ.