ಇಮ್ಯುನಿಟಿ ಪೌಡರ್: ಹೊಟ್ಟೆ ಕ್ಯಾನ್ಸರ್ ಇರುವವರಿಗೆ ತರಬೇಡಿ

ಐದಕ್ಕೆ ಒಂದು ಸ್ಟಾರ್ ಕೊಡುತ್ತೇನೆ. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಸಿಗುವ ಪುಡಿ ಇದು. ನಮ್ಮ ದೊಡ್ಡಪ್ಪನಿಗೆ ಹೊಟ್ಟೆ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ನೋಡಲು ಬಂದ ನೆಂಟರು ಪ್ರೀತಿಯಿಂದಲೇ ತಂದುಕೊಟ್ಟರು. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 'ಟಿ-ಸೆಲ್ ಹೆಚ್ಚಿಸುತ್ತದೆ' ಅಂತ ಇದೆ.

ನನ್ನ ತಕರಾರು ಇರುವುದೇ ಆ ಮಾತಿನ ಮೇಲೆ. ಟಿ-ಸೆಲ್ ಅಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆಮೂಳೆಯ ಹಿಂದಿರುವ ಥೈಮಸ್‌ನಲ್ಲಿ ಬಲಿತು, ಆಮೇಲೆ ಸೋಂಕು ತಗುಲಿದ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಹುಡುಕಿ ಕೊಲ್ಲುತ್ತವೆ. ಹೊಟ್ಟೆ ಕ್ಯಾನ್ಸರ್‌ನಲ್ಲಿ ತೊಂದರೆ ಬರೀ ಸಂಖ್ಯೆಯದ್ದಲ್ಲ. ಗಡ್ಡೆಯ ಒಳಗೇ ಟಿ-ಸೆಲ್‌ಗಳು ಇದ್ದರೂ ಕೆಲಸ ಮಾಡದೆ ಸುಮ್ನೆ ಇರಬಹುದು. ಅವುಗಳ ಮೈಮೇಲೆ ಪಿಡಿ-1 ಅನ್ನುವ ಬ್ರೇಕ್ ಇದೆ. ಎಷ್ಟೋ ಗಡ್ಡೆಗಳು ಪಿಡಿ-ಎಲ್1 ಅನ್ನುವ ಪ್ರೋಟೀನ್‌ನಿಂದ ಆ ಬ್ರೇಕ್ ಒತ್ತಿ ಹಿಡಿಯುತ್ತವೆ, ಹೀಗೇ ತುಂಬಾ ದಿನ ಆದರೆ ಟಿ-ಸೆಲ್‌ಗಳು ಸೋತುಹೋಗುತ್ತವೆ. ಬ್ರೇಕ್ ಬಿಡಿಸಲು ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಥರದ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಅದೂ ಎಲ್ಲರಿಗೂ ಅಲ್ಲ, ಬಯಾಪ್ಸಿ ತುಣುಕನ್ನು ಪರೀಕ್ಷೆ ಮಾಡಿ ನೋಡಿದ ಮೇಲೆ. ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ಜೇಮ್ಸ್ ಆಲಿಸನ್ ಜೊತೆ ನೊಬೆಲ್ ಬಂತು. ಹಾಲಿಗೆ ಕಲಸುವ ಪುಡಿಯಿಂದ ಆಗುವ ಕೆಲಸ ಅಲ್ಲ ಇದು.

ಲೇಬಲ್ ನೋಡಿ ಇನ್ನೂ ಸಿಟ್ಟು ಬಂತು. ಅಶ್ವಗಂಧ, ಅಮೃತಬಳ್ಳಿ, 'ಇತರ ಗಿಡಮೂಲಿಕೆ' ಅಂತಷ್ಟೇ ಇದೆ, ಯಾವುದು ಎಷ್ಟು ಗ್ರಾಂ ಅಂತ ಇಲ್ಲ. ಈ ಎರಡು ಮೂಲಿಕೆಗಳಿಂದಲೂ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಕೀಮೋ ತಗೊಳ್ಳುವವರ ಲಿವರ್ ಮೇಲೆ ಮೊದಲೇ ಹೊರೆ ಇರುತ್ತದೆ, ಅಲ್ವಾ? ಡಾಕ್ಟರಿಗೆ ತೋರಿಸಿದೆವು, ಬೇಡವೇ ಬೇಡ ಅಂದರು.

ಅಂಗಡಿಯವರು ಸೀಲ್ ಒಡೆಯದ ಡಬ್ಬ ಅಂತ ಮಾತಾಡದೆ ವಾಪಸ್ ತಗೊಂಡು ದುಡ್ಡು ಕೊಟ್ಟರು. ಆ ಒಂದು ಸ್ಟಾರ್ ಅದಕ್ಕೆ.

ಊಟ ಕಡಿಮೆಯಾಗಿ ಪ್ರೋಟೀನ್ ಸಾಲದೇ ಹೋದರೂ ಟಿ-ಸೆಲ್ ಬಲ ಕುಗ್ಗುತ್ತದೆ, ಹೊಟ್ಟೆ ಕ್ಯಾನ್ಸರ್ ಇರುವವರಿಗೆ ಊಟ ಸೇರದಿರುವುದು ಮಾಮೂಲು. ಹಾಗಾಗಿ ಆ ದುಡ್ಡಿಗೆ ಮೊಟ್ಟೆ, ಮೊಸರು, ಹೆಸರುಬೇಳೆ ತನ್ನಿ, ಏನು ಎಷ್ಟು ಅಂತ ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಕೇಳಿ. ದೊಡ್ಡಪ್ಪ ತಟ್ಟೆ ಇಡ್ಲಿಯಲ್ಲಿ ಕಾಲು ಭಾಗ ತಿಂದು ಸಾಕು ಅನ್ನುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಾಲು ಭಾಗ ಬಿಸಿ ಮಾಡಿ ಕೊಡುತ್ತೇವೆ. ಕೀಮೋ ಸಮಯದಲ್ಲಿ ಜ್ವರ 100.4 ಡಿಗ್ರಿ ಮುಟ್ಟಿತೋ, ಕಷಾಯ ಕುದಿಸುತ್ತಾ ಕೂರಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.