ರಬ್ಬರ್ ಮರದ ಪುಸ್ತಕದ ಕಪಾಟು: ಮರಕ್ಕೆ ಪೂರ್ತಿ ಅಂಕ, ಹಿಂಬದಿಗೆ ಇಲ್ಲ

ಈ ಕಪಾಟಿನ ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ ಇದೆ, ಪಕ್ಕದಲ್ಲೇ ‘ಪರಿಸರಸ್ನೇಹಿ’ ಅಂತ ದೊಡ್ಡದಾಗಿ ಬರೆದಿದೆ. ಎಲೆಯ ಚಿತ್ರ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅಲ್ವಾ? ಅದಕ್ಕೇ ಜೋಡಿಸುವಾಗ ಒಂದೊಂದು ಭಾಗವನ್ನೂ ತಿರುಗಿಸಿ ನೋಡಿದೆ.

ಕಾಲು, ಹಲಗೆ ಎಲ್ಲ ಗಟ್ಟಿ ರಬ್ಬರ್ ಮರ. ರಬ್ಬರ್ ಮರವನ್ನು ಬೆಳೆಸುವುದೇ ಹಾಲಿಗಾಗಿ, ಸುಮಾರು 25ರಿಂದ 30 ವರ್ಷ ಆದ ಮೇಲೆ ಇಳುವರಿ ಇಳಿಯುತ್ತದೆ, ಆಗ ಹೇಗೂ ಕಡಿದು ಹೊಸ ಗಿಡ ನೆಡುತ್ತಾರೆ, ಅಂದರೆ ಸುಟ್ಟು ಹೋಗಬಹುದಾಗಿದ್ದ ಮರ ಇಲ್ಲಿ ಕಪಾಟಾಗಿದೆ. ಇದು ನನಗೆ ತುಂಬಾ ಹಿಡಿಸಿತು. ಆದರೆ ಕಾಡು ಸವರಿ ಹಾಕಿದ ರಬ್ಬರ್ ತೋಟವಾದರೆ ಈ ಮಾತು ನಿಲ್ಲುವುದಿಲ್ಲ. ಅದಕ್ಕೇ ಎಫ್‌ಎಸ್‌ಸಿ ಮುದ್ರೆ ಹುಡುಕಿದೆ, ಅದು ಜವಾಬ್ದಾರಿಯಿಂದ ನೋಡಿಕೊಳ್ಳುವ ಕಾಡು, ತೋಟಗಳ ಮರಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತು. ಇದೆ, ಆದರೆ ‘ಮಿಕ್ಸ್’. ‘100%’ ಅಂತ ಇದ್ದರೆ ಮಾತ್ರ ಮರವೆಲ್ಲ ಪ್ರಮಾಣಪತ್ರ ಇರುವ ಕಾಡು, ತೋಟಗಳದ್ದು. ‘ಮಿಕ್ಸ್’ನಲ್ಲಿ ಅಂಥ ಪ್ರಮಾಣಪತ್ರ ಇಲ್ಲದ ಮರವೂ ಬೆರೆತಿರಬಹುದು. ಮೋಸ ಅಂತೇನಲ್ಲ, ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು.

ಬೇಸರವಾಗಿದ್ದು ಹಿಂಬದಿಯ ಹಲಗೆ ನೋಡಿ. ಅದು ಎಂಡಿಎಫ್, ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ್ದು. ಇಂಥ ಹಲಗೆಗೆ ಸಾಮಾನ್ಯವಾಗಿ ಹಾಕುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ನಿಧಾನವಾಗಿ ಗಾಳಿಗೆ ಬಿಡುಗಡೆ ಆಗುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಕಡಿಮೆ ಬಿಡುವ ಹಲಗೆಗೆ ‘ಇ1’ ಅಂತ ಗುರುತು ಇರುತ್ತದೆ. ಇಲ್ಲಿ ಅದಿಲ್ಲ, ಕೇಳಿದರೆ ಕಂಪನಿಯಿಂದ ಸರಿಯಾದ ಉತ್ತರವೂ ಬರಲಿಲ್ಲ. ಪರಿಸರಸ್ನೇಹಿ ಅಂತ ಹೇಳಿಕೊಂಡವರು ಇಷ್ಟನ್ನಾದರೂ ಹೇಳಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಜೋಡಣೆ. ಅಂಟಿಲ್ಲ, ಎಲ್ಲ ಬೋಲ್ಟು, ಅದೂ ಮರದೊಳಗೆ ಕೂರಿಸಿದ ಲೋಹದ ತಿರುಪಿನ ಕೊಳವೆಯಲ್ಲಿ ಕೂರುತ್ತದೆ. ಹಾಗಾಗಿ ಎಷ್ಟು ಸಲ ಬಿಚ್ಚಿ ಕಟ್ಟಿದರೂ ತೂತು ಸಡಿಲ ಆಗುವುದಿಲ್ಲ. ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಒಂದೆರಡು ಸಲಕ್ಕೇ ಸ್ಕ್ರೂ ತೂತು ಪುಡಿಯಾಗುತ್ತದೆ, ನೀರು ಕುಡಿದರೆ ಊದಿಕೊಂಡು ಕಸಕ್ಕೇ ಹೋಗುತ್ತದೆ. ಗಟ್ಟಿ ಮರದಲ್ಲಿ ಗೀರು ಬಿದ್ದರೆ ಉಜ್ಜಿ ಮತ್ತೆ ಪಾಲಿಶ್ ಮಾಡಿದರಾಯಿತು. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ಕಪಾಟು ಬಾಳಿದಷ್ಟೂ ಕಾಲ ಅದು ಅಲ್ಲೇ ಉಳಿಯುತ್ತದೆ. ಬೇಗ ಹಾಳಾಗುವ ‘ಹಸಿರು’ ಸಾಮಾನಿಗಿಂತ ಇದೇ ಎಷ್ಟೋ ಮೇಲು.

ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಹಿಂಬದಿ ಹಲಗೆ ಇಲ್ಲದ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ರಬ್ಬರ್ ಮರಕ್ಕೆ ಹುಳ, ಬೂಷ್ಟು ಬೇಗ ಹಿಡಿಯುತ್ತದೆ, ತೇವದ ಗೋಡೆಗೆ ಒತ್ತಿ ಇಡಬೇಡಿ, ಮನೆ ಹೊರಗಂತೂ ಬೇಡವೇ ಬೇಡ.